ಮಾರೆಸ್ ದೊರೆಯ ದೊಡ್ಡ ಕಿವಿಗಳು

ಅಲೆಕ್ಸಾಂಡ್ರಿಯಾದಿಂದ ಜೋಯ್ಲಸ್ ಎಂಬ ದೊಡ್ಡ ಅಧಿಕಾರಿ ಬರುತ್ತಾನೆಂಬ ಸುದ್ದಿ ಬಂದದ್ದೇ ತಡ, ಶೆದೆತ್ ಊರಿನ ಅರ್ಚಕರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗ್ರೀಕರು ಈ ಊರಿಗೆ ಬರುವುದೇ ಕೊಳದಲ್ಲಿ ದೇವರೆಂದು ಸಾಕಿದ ಮೊಸಳೆಗೆ ಕೈಯಾರೆ ರೊಟ್ಟಿ ತಿನ್ನಿಸಲು, ಅದರ ಕಿವಿಯ ಚಿನ್ನದೋಲೆ ನೋಡಿ ಬೆರಗಾಗಲು. ಆಮೇಲೆ ಅವರಿಗೆ ಅರ್ಚಕರ ಬಾಯಿಂದ ಕಥೆಯೊಂದು ಆಗಬೇಕು. ದೇಶದ ಮೊಟ್ಟಮೊದಲ ಅರಸ ಮೇನೆಸ್‌ನನ್ನು ಅವನ ಬೇಟೆನಾಯಿಗಳೇ ಅಟ್ಟಿಸಿಕೊಂಡು ಬಂದವಂತೆ, ಅವನು ಸರೋವರಕ್ಕೆ ಹಾರಿದನಂತೆ, ಮೊಸಳೆಯೊಂದು ಬೆನ್ನ ಮೇಲೆ ಕೂರಿಸಿಕೊಂಡು ದಡ ಸೇರಿಸಿತಂತೆ. ಆ ಋಣಕ್ಕೇ ಅವನು ಈ ಊರು ಕಟ್ಟಿದನಂತೆ.

ಈ ಕಥೆ ಕೇಳಿದರೆ ತಾಯೆಸಿಸ್‌ಗೆ ಮೈ ಉರಿಯುತ್ತಿತ್ತು. ಕೊಳದ ಹಿಂದಿದ್ದ ಮಾರೆಸ್ ದೊರೆಯ ಪುಟ್ಟ ಗುಡಿಗೆ ದೀಪ ಹಚ್ಚುವವಳು ಅವಳು. ಗಂಡ ಸತ್ತ ಮೇಲೆ ಆ ಕೆಲಸ ಅವಳ ಪಾಲಿಗೆ ಬಂದಿತ್ತು. ಮೇನೆಸ್‌ನ ಕಾಲದಲ್ಲಿ ಇಲ್ಲಿ ಇದ್ದದ್ದು ಬರೀ ಕೆಸರು ಮತ್ತು ಸೊಳ್ಳೆ, ತಲೆ ನೆಟ್ಟಗಿದ್ದವನು ಅಲ್ಲಿ ಊರು ಕಟ್ಟುತ್ತಾನೆಯೇ ಎಂಬುದು ಅವಳ ವಾದ. ಎಷ್ಟೋ ತಲೆಮಾರು ಕಳೆದ ಮೇಲೆ ಬಂದ ಮಾರೆಸ್ ಕಾಲುವೆ ತೋಡಿಸಿದ, ಒಡ್ಡು ಹಾಕಿಸಿದ, ಜೌಗನ್ನು ಗದ್ದೆ ಮಾಡಿದ. ಪವಾಡ ಗಿವಾಡ ಏನೂ ಇಲ್ಲ. ಅಳತೆಯ ಹಗ್ಗ ಹಿಡಿದವರ ಜೊತೆ ಕೆಸರು ತುಳಿದ, ಅಷ್ಟೆ. ಇವತ್ತಿಗೂ ಬೀದಿಯಲ್ಲಿ ನಿಂತು ಮಾರೆಸ್ ಎಂದು ಕೂಗಿದರೆ ಅರ್ಧ ಗಂಡಸರು ತಿರುಗಿ ನೋಡುತ್ತಾರೆ. ಆ ಹೆಸರು ಯಾರದೆಂದು ಕೇಳಿದರೆ ಮಾತ್ರ ತಾತನದು ಎನ್ನುತ್ತಾರೆ.

ಗುಡಿಯ ಮೂರ್ತಿಯೂ ಅಂಥ ಚೆಲುವೇನಲ್ಲ. ಒಳಸೇರಿದ ಕೆನ್ನೆ, ದಣಿದ ಕಣ್ಣು, ಹೂಜಿಯ ಹಿಡಿಯಂಥ ಕಿವಿಗಳು. ಪಕ್ಕದ ಹೊಲದವನು ತನ್ನ ಪಾಲಿನ ನೀರು ತಿರುಗಿಸಿಕೊಂಡನೆಂದು ನಾಲ್ಕಾರು ರೈತರು ಬಂದು ಆ ಕಿವಿಯಲ್ಲಿ ಪಿಸುಗುಟ್ಟಿ ಹೋಗುತ್ತಿದ್ದರು. ಕಳೆದ ಸಲದ ಬಿರುಗಾಳಿಗೆ ಗುಡಿಯ ಚಾವಣಿ ಕುಸಿದಿತ್ತು. ಹಿರಿಯ ಅರ್ಚಕ ಹೆರಿಯೂಸ್ ಅವಳ ಮೈದುನನೇ. ಅತಿಥಿ ಹೋದ ಕೂಡಲೇ ಗುಡಿ ಕೆಡವಿ, ಅದರ ಕಲ್ಲುಗಳನ್ನು ಕೊಳದ ಮೆಟ್ಟಿಲಿಗೆ ಹಾಕಿಸುವುದೆಂದು ಅವನು ತೀರ್ಮಾನಿಸಿದ್ದ.

"ಯಾರೂ ಬರದ ಗುಡಿಗೆ ಚಾವಣಿ ಯಾಕೆ ಅತ್ತಿಗೆ?" ಎಂದ.

ಆ ಅಧಿಕಾರಿಯನ್ನು ಒಂದು ಗಳಿಗೆ ಒಳಗೆ ಕರೆತಾ, ಅವನು ಮನಸ್ಸು ಮಾಡಿದರೆ ಚಾವಣಿಗೆ ಅಪ್ಪಣೆಯಾದೀತು ಎಂದು ಅವಳು ಗೋಗರೆದಳು. ಮೊಸಳೆ ನೋಡಿ ಸಮಯ ಉಳಿದರೆ ನೋಡೋಣ ಎಂದು ಅವನು ಜಾರಿಕೊಂಡ.

ಸಮಯ ಧಾರಾಳವಾಗಿ ಉಳಿಯಿತು. ಆದದ್ದಿಷ್ಟೆ: ಅತಿಥಿಯ ಮುಂದೆ ದೇವರು ಬಾಯಿ ತೆರೆಯುತ್ತಾನೋ ಇಲ್ಲವೋ ಎಂಬ ಆತಂಕದಲ್ಲಿ ಪ್ರತಿಯೊಬ್ಬ ಅರ್ಚಕನೂ ಬೆಳಗ್ಗೆ ಗುಟ್ಟಾಗಿ ಕೊಳಕ್ಕೆ ಹೋಗಿ ಒಂದು ರೊಟ್ಟಿ, ಒಂದು ತುಂಡು ಬಾಡು, ಒಂದು ಸೌಟು ಜೇನುಮದ್ಯ ಕೊಟ್ಟು ಪರೀಕ್ಷೆ ಮಾಡಿದ್ದ. ಎಲ್ಲರ ಪರೀಕ್ಷೆಯಲ್ಲೂ ದೇವರು ಗೆದ್ದಿದ್ದ. ಜೋಯ್ಲಸ್ ಬಂದಾಗ ಮೊಸಳೆ ಹೊಟ್ಟೆ ಬಿರಿಯುವಷ್ಟು ತಿಂದು ಮರದ ದಿಮ್ಮಿಯಂತೆ ಬಿದ್ದಿತ್ತು. ವಾಡಿಕೆಯಂತೆ ಇಬ್ಬರು ದವಡೆ ಬಿಡಿಸಿದರು, ಮೂರನೆಯವನು ರೊಟ್ಟಿ ಇಟ್ಟ, ರೊಟ್ಟಿ ಹೊರಗುರುಳಿತು. ಅತಿಥಿಯ ಮುಖ ಗಂಟಾಯಿತು. ದಿಕ್ಕು ತೋಚದ ಹೆರಿಯೂಸ್ ಅವನನ್ನು ಹಿಂದಿನ ಗುಡಿಗೆ ಕರೆತಂದು ಅತ್ತಿಗೆಯ ಕಿವಿಯಲ್ಲಿ, "ಏನಾದ್ರೂ ಹೇಳು ಮಾರಾಯ್ತಿ, ಮಾನ ಉಳಿಸು" ಎಂದ.

ಅವಳು ನಿಜವನ್ನೇ ಹೇಳಿದಳು. ಕಾಲುವೆ ಎಲ್ಲಿಂದ ಎಲ್ಲಿಗೆ, ಒಡ್ಡು ಎಷ್ಟು ಸಲ ಕಿತ್ತುಹೋಯಿತು, ದೊರೆ ಹೇಗೆ ಮತ್ತೆ ಮತ್ತೆ ಕಟ್ಟಿಸಿದ. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನೆಲ್ಲ ಹೇಳಿದಳು. ಜೋಯ್ಲಸ್ ಆಕಳಿಸಿದ. ಆಳು ಕೊಡೆ ಬಿಚ್ಚಿದ. ಹೊರಡುವ ಮುನ್ನ, ಮಾತಿಗೊಂದು ಮಾತು ಎಂಬಂತೆ, "ನಿಮ್ಮ ದೊರೆ ಯಾಕಮ್ಮ ಇಷ್ಟು ಸಪ್ಪಗಿದ್ದಾನೆ? ಆ ಕಿವಿ ನೋಡು!" ಎಂದ.

ತಾಯೆಸಿಸ್ ಬಿದ್ದ ಚಾವಣಿಯತ್ತ ನೋಡಿದಳು. ಬಾಯಿ ತಾನಾಗಿ ಆಡಿತು.

"ನಾಯಿ ಬೊಗಳೋದು ಕೇಳ್ತಿದಾನೆ ಸ್ವಾಮಿ. ಮೇನೆಸ್ ಅಂತ ಹೇಳ್ತಾರಲ್ಲ, ಅದು ಸುಳ್ಳು. ಮೊಸಳೆ ಬೆನ್ನೇರಿ ಬಂದವನು ಇವನೇ. ಅವತ್ತಿಂದ ಯಾವ ಮೂಲೇಲಿ ನಾಯಿ ಬೊಗಳಿದ್ರೂ ಮೊದಲು ಇವನಿಗೇ ಕೇಳಿಸ್ತಿತ್ತಂತೆ. ಹಿಂಗೇ ಕಿವಿ ಬೆಳೀತು, ನಿದ್ದೆಗೆಟ್ಟು ಮುಖ ಹಿಂಗಾಯ್ತು."

ಜೋಯ್ಲಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಇಂಥ ದೊರೆ ಬಿಸಿಲಲ್ಲಿ ಕೂರಬಾರದೆಂದು ಅಲ್ಲೇ ಖರ್ಜೂರದ ತೊಲೆಗಳಿಗೆ ಅಪ್ಪಣೆ ಕೊಟ್ಟ. ಹೆರಿಯೂಸ್ ಅತ್ತಿಗೆಯನ್ನು ಹೊಸದಾಗಿ ನೋಡುವವನಂತೆ ನೋಡಿದ.

ಚಾವಣಿ ಎದ್ದಿತು. ಕಥೆ ಅದಕ್ಕಿಂತ ಬೇಗ ಎದ್ದಿತ್ತು. ಸುತ್ತಲ ಹಳ್ಳಿಗಳಿಂದ ನಾಯಿ ಕಚ್ಚಿದವರು, ನಾಯಿಗೆ ಹೆದರುವವರು, ಹೆದರುವವರನ್ನು ನೋಡಿ ನಗಲು ಬಂದವರು, ಎಲ್ಲರೂ ನೆರೆದರು. ಮೂರ್ತಿಯ ಕಾಲ ಬಳಿ ಮಣ್ಣಿನ ನಾಯಿಗಳ ರಾಶಿ ಬೆಳೆಯಿತು. ಆ ನೂಕುನುಗ್ಗಲಲ್ಲಿ ನೀರಿನ ದೂರು ತರುತ್ತಿದ್ದ ರೈತರು ಬರುವುದನ್ನೇ ಬಿಟ್ಟರು. ದೀಪದೆಣ್ಣೆಗೆ ಬರವಿರಲಿಲ್ಲವಾದ್ದರಿಂದ ತಾಯೆಸಿಸ್ ಮೊದಮೊದಲು ಹಿಗ್ಗಿದಳು. ಆಮೇಲಾಮೇಲೆ ದೊರೆಯ ಮುಖ ನೋಡಲು ಅವಳಿಗೆ ನಾಚಿಕೆಯಾಗತೊಡಗಿತು.

ಒಂದು ಮಧ್ಯಾಹ್ನ ತೆಬ್ತುನಿಸ್‌ನ ಹಳ್ಳಿಯ ಹೆಂಗಸೊಬ್ಬಳು, ನಾಯಿಯಿಂದ ಮೀನಖಂಡ ಕಚ್ಚಿಸಿಕೊಂಡ ಗಂಡನನ್ನು ಕರೆತಂದಳು. ತಾಯೆಸಿಸ್‌ಗೆ ಇನ್ನು ತಡೆಯಲಾಗಲಿಲ್ಲ.

"ನೋಡಮ್ಮ, ಈ ದೊರೆಗೂ ನಾಯಿಗೂ ಏನೂ ಸಂಬಂಧ ಇಲ್ಲ. ಅದು ನಾನೇ ಕಟ್ಟಿದ ಕಥೆ. ನಿಮ್ಮೂರಿಗೆ ನೀರು ಬರುತ್ತಲ್ಲ ಕಾಲುವೆ, ಅದನ್ನ ತೋಡಿಸಿದವನು ಇವನು."

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಕಾಲುವೇನ ಯಾರಾದ್ರೂ ತೋಡ್ತಾರಾ ತಾಯಿ? ಅದು ಮೊದಲಿಂದ ಇದ್ದೇ ಇದೆ" ಎಂದಳು. "ನೀನು ಈ ಗುಡಿಗೆ ಹೊಸಬಳಾ?"

ಕಾದಿದ್ದವರು ಹಿಂದಿನಿಂದ ನೂಕುತ್ತಿದ್ದರು. ತಾಯೆಸಿಸ್ ಪಕ್ಕಕ್ಕೆ ಸರಿದಳು. ಆ ಹೆಂಗಸಿನ ಗಂಡ ಕುಂಟುತ್ತ ಮುಂದೆ ಬಂದು ದೊರೆಯ ಮುಂದೆ ಕಾಲು ಚಾಚಿದ.