ಬಡಿದ ತಾಮ್ರ

ನಾನು ಒಂದು ತಾಮ್ರದ ಬಳೆ. ಕೈಗೆ ತೊಡುವ ಬಳೆಯಲ್ಲ; ರೇಸ್ ಬೈಕಿನ ಎಂಜಿನ್ನಿನಲ್ಲಿ ಸಿಲಿಂಡರಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಕೂರುವ ಗ್ಯಾಸ್ಕೆಟ್. ಒಳಗಿನ ಬೆಂಕಿ ಹೊರಗೆ ನುಸುಳದಂತೆ ತಡೆಯುವುದಷ್ಟೇ ನನ್ನ ಕೆಲಸ. ಅದೊಂದನ್ನೂ ನೆಟ್ಟಗೆ ಮಾಡಲಾಗಲಿಲ್ಲ.

ನಾನು ಹುಟ್ಟಿದ್ದು ಬಚ್ಚಲುಮನೆಯ ಹಂಡೆಯಿಂದ. ಮೈಸೂರಿನ ಕಾಳಾಚಾರಿಯ ಅಪ್ಪ ಕೈಯಾರೆ ಬಡಿದು ಮಾಡಿದ್ದ ಹಂಡೆ ಅದು. ತಳ ತೂತಾದಾಗ ಕಾಳಾಚಾರಿ ಅದನ್ನು ಕತ್ತರಿಸಿ ನನ್ನನ್ನು ತೆಗೆದ. ಅವರದು ತಲೆತಲಾಂತರದಿಂದ ತಾಮ್ರದ ಪಾತ್ರೆ ಮಾಡುವ ಮನೆತನ. ಪಾತ್ರೆ ಕೇಳುವವರು ಇಲ್ಲವಾದ ಮೇಲೆ ಅವನು ಬೈಕ್ ಮೆಕ್ಯಾನಿಕ್ ಆದ. ರೇಸಿನಲ್ಲಿ ಬೈಕ್ ಓಡಿಸುವವನು ಅವನ ತಮ್ಮ ಮೌನೇಶ.

ಪ್ರತಿ ರೇಸಿಗೆ ಮುಂಚೆ ಎಂಜಿನ್ ಬಿಚ್ಚುತ್ತಿದ್ದರು. ಹೆಡ್ಡಿನ ಕೆಳಗೆ ಒಮ್ಮೆ ಸಿಕ್ಕಿ ನಲುಗಿದರೆ ನಾನು ಗಡಸಾಗುತ್ತೇನೆ. ಆಗ ಕಾಳಾಚಾರಿ ನನ್ನನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕುತ್ತಿದ್ದ. ಮತ್ತೆ ಮೆತ್ತಗಾಗುತ್ತಿದ್ದೆ. ಮೆತ್ತಗಿದ್ದರೆ ತಾನೇ ಸಂದುಗೊಂದಿಗೆಲ್ಲ ಒತ್ತಿಕೊಂಡು ಕೂರಲು ಸಾಧ್ಯ! ಹಾಗೆ ಏಳು ರೇಸು ಮುಗಿಸಿದೆವು.

ಎಂಟನೆಯ ರೇಸಿನ ಬೆಳಿಗ್ಗೆ ಕಾಯಿಸಿ ತೆಗೆದಾಗ ನನ್ನ ಅಂಚು ಚೂರು ಸೊಟ್ಟಗಿತ್ತು. ಕಾಳಾಚಾರಿ ಅಪ್ಪನ ಸುತ್ತಿಗೆ ತೆಗೆದುಕೊಂಡು ಬಡಿದ. ಸೊಟ್ಟ ಹೋದ ಮೇಲೂ ಬಡಿದ. ಪಾತ್ರೆ ಮಾಡುವವರು ಹಾಗೆಯೇ, ಕೊನೆಗೊಮ್ಮೆ ಸುತ್ತಲೂ ಬಡಿದು ಗಟ್ಟಿ ಮಾಡದಿದ್ದರೆ ಅವರಿಗೆ ಕೆಲಸ ಮುಗಿದಂತಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. ನಾನು ಮತ್ತೆ ಕಲ್ಲಾದೆ. ಅಯ್ಯೋ, ಇನ್ನೊಮ್ಮೆ ಕಾಯಿಸೋ ಪುಣ್ಯಾತ್ಮ ಎಂದು ಕೂಗಲು ನನಗೆ ಬಾಯಿಲ್ಲ.

ನಟ್ಟು ಬಿಗಿಯುವಾಗ ಅವನಿಗೂ ಏನೋ ಅನುಮಾನ ಬಂತು. ಇನ್ನೊಂದ್ಸಲ ಬಿಚ್ಚಿ ನೋಡಲಾ ಎಂದು ತಮ್ಮನನ್ನು ಕೇಳಿದ.

"ನೀನು ಮುಟ್ಟಿದ್ಮೇಲೆ ಇನ್ನೇನ್ ನೋಡೋದಣ್ಣಯ್ಯ, ಬಿಗಿ," ಎಂದ ಮೌನೇಶ.

ನಾಲ್ಕನೆಯ ಸುತ್ತಿನಲ್ಲಿ ನನ್ನ ಪಕ್ಕದಿಂದ ಬೆಂಕಿ ನುಸುಳಿತು. ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಂಡಿತು, ಹಿಂದಿನ ಚಕ್ರ ನಿಂತೇಹೋಯಿತು. ಮೌನೇಶ ತಡೆಗೋಡೆಗೆ ಬಡಿದು ಬಿದ್ದ. ಸೊಂಟದ ಕೆಳಗೆ ಇನ್ನು ಸ್ವಾಧೀನವಿಲ್ಲ ಎಂದರು ಡಾಕ್ಟರು.

ಎಂಜಿನ್ ಬಿಚ್ಚಿದ ಕಾಳಾಚಾರಿ ನನ್ನ ಮೇಲಿನ ಕರಿ ಗೆರೆ ನೋಡಿದ. ತಾನು ಬಡಿದದ್ದೇ ತಪ್ಪಾಯಿತೆಂದು ಅವನಿಗೆ ತಿಳಿಯಿತು. ನನ್ನನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಬಿಡಿಭಾಗಗಳ ಡಬ್ಬದ ತಳಕ್ಕೆ ತುರುಕಿದ. ಯಾರಿಗೂ ಹೇಳಲಿಲ್ಲ. ಗ್ಯಾರೇಜಿನಲ್ಲಿ ಗಾಲಿಕುರ್ಚಿ ಹಾಕಿಕೊಂಡು ಕೂತ ಮೌನೇಶ, ತಪ್ಪು ನನ್ನದೇ, ಸಿಕ್ಕಾಪಟ್ಟೆ ಆಕ್ಸಿಲರೇಟರ್ ಎಳೆದುಬಿಟ್ಟೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತು ಬಂದಾಗಲೆಲ್ಲ ಅಣ್ಣನ ಸ್ಪ್ಯಾನರಿನ ಸದ್ದು ನಿಂತುಹೋಗುವುದು ಡಬ್ಬದೊಳಗಿನ ನನಗೂ ಕೇಳಿಸುತ್ತಿತ್ತು.

ಆರು ವರ್ಷ ಹೀಗೇ ಹೋಯಿತು. ಮೊನ್ನೆ ವಾಷರ್ ಹುಡುಕುತ್ತ ಮೌನೇಶ ಡಬ್ಬ ಸುರುವಿದ. ಬಟ್ಟೆ ಬಿಚ್ಚಿ ನನ್ನ ಕರಿ ಗೆರೆ ನೋಡಿದ, ಸುತ್ತಿಗೆಯ ಗುರುತು ಸವರಿದ. ಆಮೇಲೆ ಉಗುರಿನಿಂದ ಮೀಟಿದ. ಮೆತ್ತಗಿನ ತಾಮ್ರವಾದರೆ ಮಂಕು ಸದ್ದು ಬರುತ್ತದೆ. ನಾನು ಟಿಣ್ ಎಂದೆ. ಅವನೂ ಅದೇ ಅಪ್ಪನ ಮಗನಲ್ಲವೇ? ಆ ಸದ್ದಿನಲ್ಲೇ ಅವನಿಗೆ ಎಲ್ಲ ತಿಳಿಯಿತು. ನನ್ನನ್ನು ಅದೇ ಬಟ್ಟೆಯಲ್ಲಿ, ಅದೇ ಮಡಿಕೆಯಲ್ಲಿ ಸುತ್ತಿ ಮತ್ತೆ ತಳಕ್ಕೆ ಇಟ್ಟ.

ಸಂಜೆ ಹೊಸ ಗಿರಾಕಿಯೊಬ್ಬ ಕಾಲಿಗೇನಾಯಿತೆಂದು ಕೇಳಿದ. ಅಣ್ಣ ಅಲ್ಲೇ ಕೆಲಸ ಮಾಡುತ್ತಿದ್ದ.

"ತಪ್ಪು ನಂದೇ ಸಾರ್, ಎಳೆದ್ಬಿಟ್ಟೆ," ಎಂದ ಮೌನೇಶ.

ಸ್ಪ್ಯಾನರಿನ ಸದ್ದು ನಿಂತಿತು. ತಮ್ಮನಿಗೆ ಗೊತ್ತಾಗಿದೆ ಎಂದು ಅಣ್ಣನಿಗೆ ಗೊತ್ತಿಲ್ಲ. ತಮ್ಮ ಒಮ್ಮೆ ಬಾಯಿಬಿಟ್ಟು ಬೈದಿದ್ದರೆ ಅಣ್ಣ ಬದುಕಿಕೊಳ್ಳುತ್ತಿದ್ದನೇನೋ. ನನ್ನನ್ನು ಕಾಯಿಸಿದರೆ ಈಗಲೂ ಮೆತ್ತಗಾದೇನು. ಆದರೆ ಇನ್ನು ಈ ಬಟ್ಟೆ ಬಿಚ್ಚುವವರು ಯಾರು?