ಮೋಟಾರ್ ಸುತ್ತಿದ್ದು ಯಾರು?

ಹೆಣ್ಣುಮಕ್ಕಳ ವಿದ್ಯಾರ್ಥಿವೇತನದ ಹನ್ನೆರಡು ಅರ್ಜಿಗಳನ್ನು ಹೈಸ್ಕೂಲಿನ ಹೆಡ್‌ಮಿಸ್ಸು ನರ್ಸಕ್ಕನ ಕೈಗಿಟ್ಟು, “ನೀವಾದ್ರೆ ಎಲ್ಲರ ಮನೆ ಒಳಗೂ ಹೋಗ್ತೀರಿ, ಹಂಚಿಬಿಡಿ” ಎಂದು ಹೇಳಿ ಕೈತೊಳೆದುಕೊಂಡಿದ್ದರು. ನರ್ಸಕ್ಕ ಒಂದು ವಾರ ಬಿಸಿಲಲ್ಲಿ ತಿರುಗಿದಳು. ಒಬ್ಬಳು, “ಅದೆಲ್ಲ ಬುದ್ಧಿವಂತರಿಗೆ ಅಕ್ಕಾ” ಎಂದಳು. ಇನ್ನೊಬ್ಬಳು ಅರ್ಜಿಯನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ಇಸಿದುಕೊಂಡು, ನಾಲ್ಕಾಗಿ ಮಡಚಿ, ಅಲುಗಾಡುವ ಮೇಜಿನ ಕಾಲಡಿಗೆ ತುರುಕಿದಳು. ಅದೂ ನರ್ಸಕ್ಕನ ಕಣ್ಣೆದುರಿಗೇ.

ಕೊನೇ ತಾರೀಖಿಗೆ ಎರಡೇ ದಿನ ಉಳಿದಿತ್ತು. ಹೇಳಿ ಹೇಳಿ ನರ್ಸಕ್ಕನ ಬಾಯಿ ಒಣಗಿತ್ತು. ಮೋಟಾರ್ ಮೇಷ್ಟ್ರ ಮನೆಗೆ ಅವಳು ಬಂದದ್ದೇ ಆ ಸಿಟ್ಟಿನಲ್ಲಿ.

ಮೋಟಾರ್ ಮೇಷ್ಟ್ರು ಪಾಠ ಹೇಳುವ ಮೇಷ್ಟ್ರಲ್ಲ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವವರು. ಬಂದ ಗಿರಾಕಿಗೆಲ್ಲ ಅರ್ಧ ಗಂಟೆ ಉಪದೇಶ ಮಾಡುವುದರಿಂದ ಆ ಹೆಸರು. ಮುಂದೆ ಅಂಗಡಿ, ನಡುವೆ ಒಂದು ಪರದೆ, ಹಿಂದೆ ಮನೆ. ಒಳಗೆ ಕಾಲಿಟ್ಟರೆ ವಾರ್ನಿಷ್ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಮೇಷ್ಟ್ರು ಬಾಗಿಲ ಬಳಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಮಗಳು ಸ್ಟೂಲಿನ ಮೇಲೆ ಕೂತಿದ್ದಳು. ಹನ್ನೆರಡನೇ ತರಗತಿ ಒಳ್ಳೆ ಅಂಕದಲ್ಲಿ ಪಾಸಾದವಳು.

“ಅರ್ಜಿ ತುಂಬಿದ್ಯೇನೇ?”

“ತುಂಬಿದೆ ಅಕ್ಕಾ.”

ನರ್ಸಕ್ಕನಿಗೆ ಹೋದ ಜೀವ ಬಂದಂತಾಯಿತು. ಕಾಗದ ತಿರುವಿದಳು. ಹೆಸರಿದೆ, ಅಂಕವಿದೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಎಂದೂ ಬರೆದಿದೆ. ಕೊನೇ ಪುಟದಲ್ಲಿ ಒಂದು ಪ್ರಶ್ನೆ: “ನಿಮ್ಮ ಬಗ್ಗೆ ಬರೆಯಿರಿ. ನೀವು ಏನೇನು ಮಾಡಬಲ್ಲಿರಿ?” ಅದರ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ಉತ್ತರ: “ನನ್ನ ತಂದೆಯವರು ಸುತ್ತಲ ಹತ್ತೂರಿಗೆ ಹೆಸರಾದ ಮೋಟಾರ್ ರಿಪೇರಿಗಾರರು. ಅವರು ಸುತ್ತಿದ ಮೋಟಾರು ಸುಡುವುದಿಲ್ಲ. ನನ್ನ ತಮ್ಮ ಓಟದಲ್ಲಿ ಎರಡು ಬಹುಮಾನ ಪಡೆದಿದ್ದಾನೆ.”

ನರ್ಸಕ್ಕ ಎರಡು ಸಲ ಓದಿದಳು. ಪಿತ್ತ ನೆತ್ತಿಗೇರಿತು.

“ಅಲ್ವೇ, ಈ ಅರ್ಜಿ ಯಾರದ್ದು? ಕಾಲೇಜಿಗೆ ನಿಮ್ಮಪ್ಪ ಹೋಗ್ತಾರಾ, ಇಲ್ಲಾ ನಿನ್ನ ತಮ್ಮ ಓಡ್ಕೊಂಡು ಹೋಗ್ತಾನಾ?”

“ಮತ್ತಿನ್ನೇನು ಬರೀಲಿ ಅಕ್ಕಾ? ನನಗೇನೂ ಬರಲ್ವಲ್ಲ.”

ಹಾಗೆ ಹೇಳುವಾಗಲೂ ಅವಳ ಬೆರಳುಗಳು ಸುಮ್ಮನಿರಲಿಲ್ಲ. ತೊಡೆಯ ಮೇಲಿದ್ದ ಮೋಟಾರಿನ ಸೀಳುಗಳಿಗೆ ತಂತಿಯ ಎಳೆಗಳನ್ನು ನೋಡದೆಯೇ ಕೂರಿಸುತ್ತಿದ್ದವು.

“ಈಗ ಮಾಡ್ತಿರೋದೇನು?”

“ಇದಾ? ಇದು ಅಪ್ಪನ ಕೆಲಸ.”

ಮೇಷ್ಟ್ರು ಕಣ್ಣು ಬಿಟ್ಟರು. “ಬಲವಂತ ಮಾಡಬೇಡಿ ನರ್ಸಮ್ಮ. ನಾಲ್ಕು ಜನರ ಮುಂದೆ ಇವಳ ಬಾಯಿಂದ ಮಾತೇ ಹೊರಡಲ್ಲ. ಅಷ್ಟು ದೊಡ್ಡ ಕಾಲೇಜಲ್ಲಿ ನಗೆಪಾಟಲಾಗಿ ಬರ್ತಾಳೆ.”

ನರ್ಸಕ್ಕ ಬಾಯಿ ತೆಗೆಯುವಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ಆಮೇಲೆ ನಡೆದದ್ದನ್ನು ಅವಳು ಬೆರಗಾಗಿ ನೋಡಿದಳು. ಮಗಳು ಎದ್ದು ಪರದೆಯ ಹಿಂದೆ ಹೋದಳು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಮೋಟಾರನ್ನು ತೊಡೆಗೆಳೆದುಕೊಂಡರು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ದಿನಕ್ಕೆ ಹತ್ತು ಸಲ ಮಾಡಿ ರೂಢಿಯಾದವರ ಹಾಗಿತ್ತು.

ನರ್ಸಕ್ಕ ಹುಡುಗಿಯ ಹಿಂದೆಯೇ ಒಳಗೆ ನುಗ್ಗಿದಳು. ಮಂಚದ ಮೇಲೆ ಅಜ್ಜಿ ರಕ್ತದೊತ್ತಡ ನೋಡಿಸಿಕೊಳ್ಳಲು ಆಗಲೇ ತೋಳು ಚಾಚಿದ್ದರು.

“ಇದೇನಜ್ಜಿ ಈ ನಾಟಕ?”

“ಎರಡು ವರ್ಷದಿಂದ ಹೀಗೇ ಕಣೇ,” ಅಜ್ಜಿ ಪಿಸುಗುಟ್ಟಿದರು. “ಅವನಿಗೆ ಕಣ್ಣು ಮಂಜು. ತಂತಿ ಕಾಣಲ್ಲ. ಎಲ್ಲಾ ಇವಳೇ ಸುತ್ತೋದು. ಹುಡುಗಿ ಸುತ್ತಿದ್ದು ಅಂದ್ರೆ ಗಿರಾಕಿ ಬರಲ್ವಂತೆ.”

ಕಣ್ಣಿನ ಪೊರೆ ತೆಗೆಸಿಕೊಳ್ಳಿ ಎಂದು ನರ್ಸಕ್ಕ ಆ ಮನುಷ್ಯನಿಗೆ ಎಷ್ಟು ಸಲ ಹೇಳಿದ್ದಳೋ! ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಬಂದವನು ಹಿಟ್ಟಿನ ಗಿರಣಿಯವನು. ಮೋಟಾರನ್ನು ನೆಲಕ್ಕೆ ದೊಪ್ಪೆಂದು ಇಳಿಸಿ, “ಮೇಷ್ಟ್ರೆ, ನೀವು ಸುತ್ತಿಕೊಟ್ಟಿದ್ದು ಕೈ ಇಡೋಕಾಗದಷ್ಟು ಬಿಸಿ ಆಗ್ತಿದೆ. ಎಷ್ಟು ಸುತ್ತು ಹಾಕಿದ್ರಿ?” ಎಂದ.

“ಸುತ್ತಾ? ಸುತ್ತು... ಬೇಕಾದಷ್ಟು ಹಾಕಿದ್ದೀನಪ್ಪ.”

ಹುಡುಗಿ ಪರದೆಯ ಸಂದಿಯಿಂದ ಇಣುಕಿ, ನರ್ಸಕ್ಕನ ಕಿವಿಗೆ ಬಾಯಿಟ್ಟಳು. “ನಲವತ್ತೆಂಟು ಸುತ್ತು. ಹಳೇದ್ರಲ್ಲೂ ಅಷ್ಟೇ ಇತ್ತು. ತಂತಿದಲ್ಲ ತಪ್ಪು. ಹಿಂದಿನ ಫ್ಯಾನಿಗೆ ಹಿಟ್ಟು ಮೆತ್ಕೊಂಡಿರುತ್ತೆ, ಗಾಳಿನೇ ಆಡ್ತಿರಲ್ಲ. ಅಪ್ಪನಿಗೆ ಹೇಳಿ ಅಕ್ಕಾ.”

“ನಾನೇನು ನಿಮ್ಮನೆ ಅಂಚೆ ಪೆಟ್ಟಿಗೆನಾ?” ನರ್ಸಕ್ಕನ ದನಿ ಅಂಗಡಿಗೂ ಕೇಳಿಸುವಷ್ಟು ಏರಿತು. “ಗೊತ್ತಿರೋದು ನಿನಗೆ. ಹೊರಗೆ ಹೋಗಿ ನೀನೇ ಹೇಳು!”

“ಅಪ್ಪನ ಮರ್ಯಾದೆ...”

“ನಿನ್ನದೋ?”

ಹೊರಗೆ ಗಿರಣಿಯವನು ಬಿಡಲಿಲ್ಲ. “ಯಾಕೆ ಮೇಷ್ಟ್ರೆ ತಡವರಿಸ್ತೀರಿ? ಸುತ್ತಿದ್ದು ನೀವೇ ತಾನೆ?”

ಮೇಷ್ಟ್ರು ಪರದೆಯ ಕಡೆ ನೋಡಿದರು. ಅಲ್ಲಿ ನಿಂತವಳ ಮುಖ ಮಂಜುಗಣ್ಣಿಗೆ ಕಂಡಿತೋ ಇಲ್ಲವೋ. ಅವರು ಇಕ್ಕಳವನ್ನು ನೆಲಕ್ಕಿಟ್ಟರು.

“ಅಲ್ಲ,” ಎಂದರು. “ಮಗಳು ಸುತ್ತಿದ್ದು. ಅವಳನ್ನೇ ಕೇಳು.”

ಹುಡುಗಿ ಹೊರಗೆ ಬಂದಳು. ಮೊದಲ ಎರಡು ಮಾತು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಮೋಟಾರಿನ ಹಿಂದಿನ ಮುಚ್ಚಳ ಬಿಚ್ಚಿದಳು. ರೊಟ್ಟಿಯಂತೆ ಗಟ್ಟಿಯಾದ ಹಿಟ್ಟಿನ ಹೆಪ್ಪು ಕೆಳಗೆ ಬಿತ್ತು. ಅದನ್ನು ಕಂಡದ್ದೇ ಅವಳ ದನಿ ತಾನಾಗಿ ಏರಿತು.

“ನೋಡಿ ಅಣ್ಣ! ವಾರಕ್ಕೊಂದು ಸಲ ಒರೆಸಿ ಅಂತ ಹೇಳಿ ಕಳಿಸಿರಲಿಲ್ವಾ? ಹೀಗಿಟ್ರೆ ಯಾರು ಸುತ್ತಿದ್ರೂ ಸುಡುತ್ತೆ!”

ಗಿರಣಿಯವನು ತಲೆ ಕೆರೆದುಕೊಂಡ. “ಅದಕ್ಕೇ ಅಂತೀನಿ! ಮುಂಚೆ ವರ್ಷಕ್ಕೆರಡು ಸಲ ಸುಡ್ತಿತ್ತು. ಈ ಎರಡು ವರ್ಷದಿಂದ ಸುಟ್ಟಿಲ್ಲ. ಮೇಷ್ಟ್ರು ಈಗ ಕೆಲಸ ಕಲಿತ್ರು ಅಂದ್ಕೊಂಡಿದ್ದೆ.”

ಅಜ್ಜಿ ಒಳಗಿಂದಲೇ ಕಿಸಕ್ಕನೆ ನಕ್ಕರು. ಮೇಷ್ಟ್ರ ಮುಖ ಹುಳ್ಳಗಾಯಿತು.

ಗಿರಾಕಿ ಹೋದ ಮೇಲೆ ಅವರು ಮೆಲ್ಲಗೆ ಬಾಯಿಬಿಟ್ಟರು. “ನಗೆಪಾಟಲು ಗಿಗೆಪಾಟಲು ಎಲ್ಲಾ ಸುಳ್ಳು ನರ್ಸಮ್ಮ. ಇವಳು ಹೋದ್ರೆ ಅಂಗಡಿ ಯಾರು ನೋಡ್ತಾರೆ? ಅದೇ ಭಯ.”

“ಇಷ್ಟು ದಿನ ಇದನ್ನ ಹೇಳೋಕೇನಾಗಿತ್ತು? ಪೊರೆ ತೆಗೆಸ್ಕೊಳ್ಳಿ, ನೀವೇ ಸುತ್ತಿ. ರಜೆಗೆ ಅವಳು ಬರ್ತಾಳೆ. ನಿಮ್ಮ ಭಯಕ್ಕೆ ಅವಳು ಯಾಕೆ ದಡ್ಡಿ ಆಗ್ಬೇಕು? ಏನೂ ಬರಲ್ಲ ಅಂತ ಅವಳು ಹೇಳಿದ್ದು ನಮ್ರತೆಯಿಂದ ಅಲ್ಲ ಮೇಷ್ಟ್ರೆ. ನಿಜ ಅಂತ ನಂಬಿದ್ದಾಳೆ!”

ಮೇಷ್ಟ್ರು ನರ್ಸಕ್ಕನ ಕೈಯಿಂದ ಅರ್ಜಿ ತೆಗೆದುಕೊಂಡು ಮಗಳ ಮುಂದೆ ಹಿಡಿದರು. “ನನ್ನ ಹೆಸರು ಹೊಡೆದು ಹಾಕಮ್ಮ. ನಿನ್ನದು ಬರಿ” ಎಂದರು.

ಅವಳು ಬರೆದಳು: “ನಾನು ಎರಡು ವರ್ಷದಿಂದ ಮೋಟಾರ್ ಸುತ್ತುತ್ತಿದ್ದೇನೆ. ಯಾಕೆ ಸುಟ್ಟಿತು ಎಂದು ನೋಡಿ ಹೇಳಬಲ್ಲೆ.”

ಎರಡು ತಿಂಗಳಿಗೆ ಮಂಜೂರಾತಿ ಪತ್ರ ಬಂತು. ಕಾಲೇಜಿನ ಶುಲ್ಕ, ಹಾಸ್ಟೆಲ್, ಪುಸ್ತಕ, ಎಲ್ಲಕ್ಕೂ. ಮೇಷ್ಟ್ರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಪತ್ರವನ್ನು ತಾವೇ ಓದಿ ಬಂದವರಿಗೆಲ್ಲ ಅರ್ಧ ಗಂಟೆ ಉಪದೇಶ ಮಾಡಿದರು.

ಇನ್ನೊಂದು ಯೋಜನೆಯ ಅರ್ಜಿ ಹಿಡಿದು ನರ್ಸಕ್ಕ ಪಕ್ಕದ ಮನೆಗೆ ಹೋದರೆ, ಅಲ್ಲಿಯ ಹುಡುಗಿ ಏನಂದಳು ಗೊತ್ತೇ? “ಅವಳಿಗೇನಕ್ಕಾ, ಮೋಟಾರ್ ಕೆಲಸ ಬರುತ್ತೆ. ನನಗೇನು ಬರುತ್ತೆ?” ಮಾತು ಬಾರದ ತಂಗಿಗೆ ಕೈಸನ್ನೆಯಲ್ಲೇ ಮೂರನೇ ತರಗತಿಯ ಗಣಿತ ಕಲಿಸಿದವಳು ಅವಳು! ನರ್ಸಕ್ಕ ಚೀಲವನ್ನು ಕೆಳಗಿಟ್ಟು, ಉಸ್ಸೆಂದು ಮೆಟ್ಟಿಲ ಮೇಲೆ ಕೂತಳು. “ಪೆನ್ನು ತಗೊಂಡು ಬಾರೇ,” ಎಂದಳು. “ನೀನು ಬರೆದು ಮುಗಿಸೋವರೆಗೂ ನಾನು ಏಳಲ್ಲ.”

ಓದುತ್ತಿರುವ ಅಕ್ಕ, ತಂಗಿ, ನಿಮ್ಮ ಊರಲ್ಲಿ ಎಷ್ಟು ನರ್ಸಕ್ಕಂದಿರು ಹೀಗೆ ಮೆಟ್ಟಿಲ ಮೇಲೆ ಕೂರಬೇಕು? ವಿದ್ಯಾರ್ಥಿವೇತನ ಯಾರೂ ಹಾಕುವ ಭಿಕ್ಷೆಯಲ್ಲ, ಮೊದಲ ದರ್ಜೆಯವರಿಗಷ್ಟೇ ಮೀಸಲೂ ಅಲ್ಲ. ನಿಮ್ಮ ಶಾಲೆಯಲ್ಲಿ, ಕಾಲೇಜಿನಲ್ಲಿ, ಊರಿನ ಗ್ರಂಥಾಲಯದಲ್ಲಿ ಕೇಳಿ. ಯಾವ ಯೋಜನೆಗೆ ಯಾರು ಅರ್ಹರು, ಕೊನೇ ದಿನ ಯಾವುದು ಎಂದು ವಿಚಾರಿಸಿ. ಅಂಕಪಟ್ಟಿ, ಆದಾಯ ಪತ್ರ, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಇವತ್ತೇ ಸಿದ್ಧ ಮಾಡಿಕೊಳ್ಳಿ. ಕೊಡಿಸುತ್ತೇನೆ ಎಂದು ಕೈಚಾಚುವ ದಲ್ಲಾಳಿಗೆ ಒಂದು ಕಾಸೂ ಕೊಡಬೇಡಿ. ಒಮ್ಮೆ ಸಿಗದಿದ್ದರೆ ಮತ್ತೆ ಹಾಕಿ.

ಅಪ್ಪ, ಅಮ್ಮ, ಅಣ್ಣಂದಿರೇ, ಮಗಳು ಮಾಡಿದ ಕೆಲಸವನ್ನು ನಾಲ್ಕು ಜನರ ಮುಂದೆ ಅವಳ ಹೆಸರು ಹಿಡಿದೇ ಹೇಳಿ. ನೀವು ಹೇಳದೆ ಹೋದರೆ ಅವಳಿಗೂ ಅದು ಗೊತ್ತಾಗುವುದಿಲ್ಲ.