ಮಾಳಿಗೆಯ ಮೇಲಿನ ಮಣ್ಣು

ಮಗ್ಗಿ ಹೇಳುತ್ತಿದ್ದ ಮಕ್ಕಳ ದನಿಯ ನಡುವೆ ತೊಲೆ ಲಟಕ್ಕೆಂದಿತು. ಟೀಚರ್ ಅಮೃತಾ ತಲೆ ಎತ್ತಿದಳು. ಜಂತಿಗಳ ಸಂದಿಯಿಂದ ಒದ್ದೆ ಮಣ್ಣು ಉದುರಿ ಗೀತಾಳ ಪಾಟಿಯ ಮೇಲೆ ಬಿತ್ತು. ಹುಡುಗಿ ಅದನ್ನು ಲಂಗದಿಂದ ಒರೆಸಿ ಮತ್ತೆ ಮಗ್ಗಿ ಹಿಡಿದಳು. ಮಕ್ಕಳಿಗೆ ಇದೆಲ್ಲ ರೂಢಿ. ಅಮೃತಾ ಮಾತ್ರ ಮೇಲೆಯೇ ನೋಡುತ್ತ ನಿಂತಳು.

ಹೊರಗೆ ಬಿಟ್ಟೂಬಿಡದ ಮಳೆ. ಹನುಮಸಾಗರದ ಆಚೆಯ ಆ ಊರಿನ ಶಾಲೆಗೆ ಇದ್ದದ್ದು ಅದೊಂದೇ ಕಟ್ಟಡ, ಮುತ್ತಜ್ಜನ ಕಾಲದ ಮಣ್ಣಿನ ಮಾಳಿಗೆ. ಸೋರುತ್ತದೆಂದು ಶಾಲಾ ಸಮಿತಿ ಅಧ್ಯಕ್ಷ ಪಂಪಣ್ಣನಿಗೆ ಹೇಳಿದವಳು ಅವಳೇ. ಹೋದ ವಾರ ಆತ ನೀರು ತಡೆಯುವ ಸವಳು ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತರಿಸಿ, ಹಳೆ ಮಣ್ಣಿನ ಮೇಲೆಯೇ ಗೇಣು ದಪ್ಪ ಹಾಕಿಸಿದ್ದ. ವರ್ಷವರ್ಷವೂ ಹಾಗೆಯೇ ಹಾಕುತ್ತ ಬಂದಿದ್ದರು. ಹಳೆಯದನ್ನು ಕೆಳಗಿಳಿಸಬೇಕೆಂದು ಪುಣ್ಯಾತ್ಮರೊಬ್ಬರಿಗೂ ಹೊಳೆದಿರಲಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಆ ಮಣ್ಣೆಲ್ಲ ಈಗ ನೀರು ಕುಡಿದು ಕೂತಿತ್ತು.

ಹೆಡ್ ಮಾಸ್ತರ ಹಂಪಣ್ಣ ಮೀಟಿಂಗಿಗೆ ಕುಷ್ಟಗಿಗೆ ಹೋಗಿದ್ದರು. ಹಿಂದೊಮ್ಮೆ ಅವಳು ಮಾಳಿಗೆಗೆ ಹೆದರಿ ಮಕ್ಕಳನ್ನು ಬೇವಿನ ಮರದಡಿ ಕೂರಿಸಿದ್ದಕ್ಕೆ, "ಗೆಸ್ಟ್ ಟೀಚರ್ ಅದೀರಿ, ಬೀಗರ ಮನಿಗೆ ಬಂದವರಂಗ ಸುಮ್ಮನ ಇರ್ರಿ. ಮುಂದಿನ ವರ್ಷಾನೂ ಕೆಲಸ ಬೇಕೋ ಬ್ಯಾಡೋ?" ಎಂದಿದ್ದರು. ಜೂನ್‌ನಿಂದ ಪಗಾರ ಬಂದಿರಲಿಲ್ಲ. ಕೆಲಸವೂ ಹೋದರೆ ಬರಬೇಕಾದ ಪಗಾರವನ್ನು ಕೇಳುವ ಬಾಯಿಯೂ ಹೋಗುತ್ತದೆ ಎಂದು ಅವಳು ಅಂದಿನಿಂದ ಅಂಜಿಕೊಂಡೇ ಇದ್ದಳು.

ತೊಲೆ ಮತ್ತೆ ಲಟಕ್ಕೆಂದಿತು.

"ಏಳ್ರಿ! ಪಾಟಿಚೀಲ ಅಲ್ಲೇ ಬಿಡ್ರಿ, ಅಡಿಗಿಮನಿಗೆ ಓಡ್ರಿ!"

ಅಂಗಳದಾಚೆಯ ತಗಡಿನ ಅಡಿಗೆಮನೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಮಾಶಾಬಿ ಹೌಹಾರಿದಳು. "ಟೀಚರ, ಸಾರು ಕುದಿಯಾಕತ್ತೈತ್ರಿ, ಹುಡುಗ್ರು ಬಿದ್ದಾವು!"

"ಮಾಳಿಗಿ ಕುಸಿಯಾಕತ್ತೈತಿ, ಮಾಶಾಬಿ."

ಮಾಶಾಬಿ ಗ್ಯಾಸ್ ಆರಿಸಿ, ಸೆರಗಿನಿಂದ ಪಾತ್ರೆ ಹಿಡಿದು, ಕುದಿಯುವ ಸಾರನ್ನು ಮಳೆಯಲ್ಲಿಟ್ಟು ಬಂದಳು.

ಅಮೃತಾ ಫೋನ್ ಮಾಡಿದಾಗ ಹೆಡ್ ಮಾಸ್ತರ ಹಂಪಣ್ಣ ಮೊದಲು ಕೇಳಿದ್ದು, "ಬಿದ್ದೈತೇನು?"

"ಇನ್ನೂ ಬಿದ್ದಿಲ್ರಿ ಸರ್."

"ಹಂಗಾರ ಮಳ್ಯಾಗ ಯಾಕ ಹೊರಗ ಹಾಕೀರಿ? ಪಂಪಣ್ಣನ್ನ ಕಳಸ್ತೀನಿ, ಅವರು ಹೇಳಿದಂಗ ಮಾಡ್ರಿ."

ಪಂಪಣ್ಣ ಬಂದ. ಛತ್ರಿ ಮಡಚಿ ಸೀದಾ ಶಾಲೆಯೊಳಗೆ ಹೋಗಿ, ನಡುಗಂಬವನ್ನು ಅಂಗೈಯಿಂದ ಬಡಿದು ಕೂಗಿದ. "ಸಾಗುವಾನಿ ಐತ್ರಿ ಇದು! ನಮ್ಮಪ್ಪ ಇದರ ಕೆಳಗ ಓದ್ಯಾನ. ಹುಡುಗ್ರನ್ನ ಕರಕೊಂಡು ಬರ್ರಿ."

ಅಮೃತಾ ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ನಾ ಕರಕೊಂಡು ಬರಂಗಿಲ್ರಿ, ಯಜಮಾನ್ರ."

"ಏ ಗೀತಾ, ನೀ ಬಾರವಾ. ನಿಮ್ಮ ಟೀಚರಿಗೆ ಧೈರ್ಯ ಬರ್ಲಿ."

ಗೀತಾ ಪಂಪಣ್ಣನ ಮೊಮ್ಮಗಳು; ಹೊರಟೇಬಿಟ್ಟಳು. ಅಮೃತಾ ಅವಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು. "ಬಿಡ್ರಿ ಟೀಚರ, ಮುತ್ಯಾ ಕರ್ಯಾಕತ್ತಾನ," ಎಂದು ಹುಡುಗಿ ಕೊಸರಾಡಿದಳು. ಅಮೃತಾ ಬಿಡಲಿಲ್ಲ.

ಆಗ ತೊಲೆ ಲಟಕ್ಕೆಂದದ್ದು ಅಡಿಗೆಮನೆಯವರೆಗೂ ಕೇಳಿಸಿತು. ಪಂಪಣ್ಣನ ತಲೆಯ ಪಟಗದ ಮೇಲೆ, ಹೆಗಲ ಮೇಲೆ ಮಣ್ಣು ಸುರಿಯಿತು. ಆತ ಮೇಲೆ ನೋಡಿದ. ಆಮೇಲೆ ಟೀಚರ ಕೈಯಲ್ಲಿ ಇನ್ನೂ ಕೊಸರಾಡುತ್ತಿದ್ದ ಮೊಮ್ಮಗಳನ್ನು ನೋಡಿದ.

ಸದ್ದು ಮಾಡಬಾರದೆಂಬಂತೆ ಮೆಲ್ಲಗೆ ಹೊರಬಂದ. ಬಾಗಿಲೆಳೆದು ಸರಪಳಿ ಹಾಕಲು ಹೋದ. ಎಷ್ಟು ತಡಕಿದರೂ ಕೊಂಡಿ ಸಿಗುತ್ತಲೇ ಇರಲಿಲ್ಲ. ಅಮೃತಾ ಗೀತಾಳನ್ನು ಮಾಶಾಬಿಯ ಕೈಗೆ ಕೊಟ್ಟು, ಮಳೆಯಲ್ಲಿ ನಡೆದುಹೋಗಿ ಸರಪಳಿ ಹಾಕಿದಳು.